ಉಪ್ಪು ಹಾಕೇನೀ!

ಇವತ್ತು ನನ್ನ ಮೊಮ್ಮಗಳ ಆಸ್ಪತ್ರೆಯಲ್ಲಿ ಹಿರಿಯ ಸರ್ಜನ್ ಸಾಹೇಬರು ಎಲ್ಲರೆದುರು ಎದ್ದು ನಿಂತು ತಮ್ಮ ತಪ್ಪು ಹೇಳಿಕೊಂಡರಂತೆ! ಆ ಖುಷಿಗೆ ನಾನು ಶಹಾಪುರದ ನಮ್ಮ ಓಣಿಗೆಲ್ಲ ಕುಂದಾ ಹಂಚಿ ಬಂದೆ. ಯಾರೋ ತಪ್ಪು ಒಪ್ಪಿಕೊಂಡರೆ ಸಿಹಿ ಹಂಚುತ್ತಾರೆಯೇ? ಇಂಥ ಮೊಮ್ಮಗಳಿದ್ದರೆ ಹಂಚಬೇಕಾಗುತ್ತದೆ!

ಅವಳೂ ಸರ್ಜನ್. ಹೊಟ್ಟೆ ಕೊಯ್ದು ಹೊಲಿಯಬಲ್ಲಳು. ಆದರೆ 'ಯಾರು' ಎಂಬ ಒಂದು ಶಬ್ದ ಅವಳ ಬಾಯಲ್ಲಿ ಹೊರಳುವುದಿಲ್ಲ! ಹಾಲು ಉಕ್ಕಿದರೆ ಲೋಕವೆಲ್ಲ "ಯಾರ್ ಇಟ್ಟಿದ್ರು?" ಎಂದು ಕೇಳುತ್ತದೆ. ಇವಳು ಸೊಂಟದ ಮೇಲೆ ಕೈಯಿಟ್ಟು, "ಹ್ಯಾಂಗ ಉಕ್ಕಿತು?" ಎನ್ನುತ್ತಾಳೆ. ಹ್ಯಾಂಗ ಅಂದರೆ? ಹಾಲು ಉಕ್ಕುವ ಹಾಗೆಯೇ ಉಕ್ಕಿತು!

ಒಮ್ಮೆ ಸಾರು ಸಮುದ್ರದಷ್ಟು ಉಪ್ಪಾಯಿತು. ನಮ್ಮ ಯಜಮಾನರು, "ಯಾರ್ ಮಾಡ್ಯಾರ ಈ ಸಾರು?" ಎಂದು ಗುಡುಗಿದರು. ನಾನು ಸೊಸೆಯನ್ನು ನೋಡಿದೆ, ಸೊಸೆ ನನ್ನನ್ನು ನೋಡಿದಳು.

"ಅಜ್ಜಾ, ಯಾರು ಅಂತ ಕೇಳಿದ್ರ ಎಲ್ಲಾರೂ ಬಾಯಿ ಮುಚ್ಚತಾರ. ಹ್ಯಾಂಗ ಅಂತ ಕೇಳು," ಎಂದಳು ಮೊಮ್ಮಗಳು.

"ಹ್ಯಾಂಗ ಅಂತ ಕೇಳಿದ್ರ ಉಪ್ಪು ಕಡಿಮಿ ಆಗತದೇನ?"

"ಇವತ್ತ ಆಗೂದಿಲ್ಲ. ನಾಳಿ ಆಗತದ."

ವಿಚಾರಣೆ ನಡೆಯಿತು. ನಾನು ಹಾಕಿದ್ದು ಸೊಸೆಗೆ ಗೊತ್ತಿರಲಿಲ್ಲ, ಸೊಸೆ ಹಾಕಿದ್ದು ನನಗೆ. ಅಂದಿನಿಂದ ಮನೆಯಲ್ಲಿ ಕಾಯಿದೆ: ಉಪ್ಪು ಹಾಕಿದವರು ಕೂಗಿ ಹೇಳಬೇಕು. ನಾನು "ಉಪ್ಪು ಹಾಕೇನೀ!" ಎಂದರೆ ಬಾಜು ಮನೆಯ ಜೈನರ ಸೊಸೆ ಕಿಟಕಿಯಿಂದ, "ಆಯಿ, ನಮ್ಮ ಸಾರಿಗೂ ಒಂದ ಚಿಟಿಕಿ ಹಾಕಿ ಹೋಗ್ರಿ!" ಎನ್ನುತ್ತಾಳೆ.

ಇಂಥ ಹುಡುಗಿ ಈಚೆಗೆ ನಗುವುದನ್ನೇ ಬಿಟ್ಟಳು. ಖಾನಾಪುರದ ಕಡೆಯ ಒಬ್ಬ ರೈತನಿಗೆ ಅವಳೂ ಸಾಹೇಬರೂ ಕೂಡಿ ಆಪರೇಷನ್ ಮಾಡಿದ್ದರು. ಅವನು ರಕ್ತ ತೆಳುವಾಗುವ ಗುಳಿಗೆ ನುಂಗುತ್ತಿದ್ದ. ಅದನ್ನು ಮೊದಲೇ ನಿಲ್ಲಿಸಬೇಕಿತ್ತು. ಸಾಹೇಬರು ಕೇಳಿರಬೇಕೆಂದು ಇವಳು, ಇವಳು ಕೇಳಿರಬೇಕೆಂದು ಸಾಹೇಬರು. ಯಾರೂ ಕೇಳಿರಲಿಲ್ಲ! ಒಳಗೆ ರಕ್ತ ಸೋರಿ, ಹೊಲಿದ ಹೊಟ್ಟೆಯನ್ನು ಮತ್ತೆ ಬಿಚ್ಚಬೇಕಾಯಿತು. ದೇವರು ದೊಡ್ಡವನು, ಮನುಷ್ಯ ಉಳಿದ. ಇವಳು ಅವನ ಹಾಸಿಗೆಯ ಬಳಿ ಕುಳಿತು ಇದ್ದದ್ದನ್ನು ಇದ್ದಂತೆ ಹೇಳಿದಳು.

"ಖರೇ ಹೇಳಿದ್ರಿ, ಡಾಕ್ಟರ್‌ಬಾಯಿ," ಎಂದನಂತೆ ಆತ. "ಆದ್ರ ಇನ್ನೊಬ್ಬರಿಗೆ ಹಿಂಗ ಆಗಬಾರ್ದ ನೋಡ್ರಿ."

ಆ ಮಾತು ಹಿಡಿದು ಹಠ ಮಾಡಿದಳು: ಡಾಕ್ಟರುಗಳೆಲ್ಲ ಕೂತು, ಬೈಯದೆ, ಹೆದರದೆ, ಕೆಟ್ಟದ್ದು ಹ್ಯಾಂಗ ಕೆಟ್ಟಿತೆಂದು ಮಾತಾಡಬೇಕು. ಮೊದಲ ಸಭೆಯಲ್ಲಿ ತನ್ನ ತಪ್ಪನ್ನೇ ಹೇಳಿದಳು. ಉಳಿದವರು ಮೊಬೈಲ್ ನೋಡಿದರಂತೆ, ಸಾಹೇಬರು ಫ್ಯಾನು ನೋಡಿದರಂತೆ! ಇನ್ನೊಮ್ಮೆ ಹೀಗಾದರೆ ಸಭೆಯೇ ಬಂದ್. ಅಂದಿನಿಂದ ತಾಟಿಗೆ ಬಿದ್ದದ್ದನ್ನು ತಿಂದು ಏಳುತ್ತಿದ್ದಳು. ಒಂದು ದಿನ ಪಲ್ಯದ ಖಾರಕ್ಕೆ ಅಜ್ಜನ ಕಿವಿಯಿಂದ ಹೊಗೆ ಬಂತು, ಇವಳಿಗೆ ಗೊತ್ತೇ ಆಗಲಿಲ್ಲ.

"ನಾಲಿಗಿ ಎಲ್ಲಿ ಬಿಟ್ಟ ಬಂದೀ, ನನ್ನವ್ವಾ?"

"ಆಸ್ಪತ್ರ್ಯಾಗ, ಆಯಿ."

ಇವತ್ತು ಎರಡನೆಯ ಸಭೆ. ಮತ್ತೆ ಅದೇ ಮೊಬೈಲು, ಅದೇ ಫ್ಯಾನು! ಆಗ ಸಾಹೇಬರೇ ಎದ್ದು, "ಆ ಗುಳಿಗಿ ಬಗ್ಗೆ ನಾನೂ ಕೇಳಿರಲಿಲ್ಲ," ಎಂದರಂತೆ! ಅವರ ಹಿಂದೆ ಇನ್ನೊಬ್ಬರು ಬಾಯಿ ಬಿಟ್ಟರು, ಆಮೇಲೆ ಮತ್ತೊಬ್ಬರು! ಇನ್ನು ಮೇಲೆ ಕೊಯ್ಯುವ ಮುಂಚೆ, ಗುಳಿಗೆಯ ವಿಷಯ ಕೇಳಿದವರು ಎಲ್ಲರೆದುರು ಗಟ್ಟಿಯಾಗಿ ಹೇಳಬೇಕಂತೆ. ಅಯ್ಯೋ, ಇದು ನಮ್ಮ ಉಪ್ಪಿನ ಕಾಯಿದೆಯೇ ಅಲ್ಲವೇ!

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತೆವು. ಮೊಮ್ಮಗಳು ಮೊದಲ ತುತ್ತು ಬಾಯಿಗಿಟ್ಟು ತಡೆದಳು.

"ಆಯಿ, ಸಾರಿಗೆ ಉಪ್ಪ ಇಲ್ಲ!"

ಸಂಭ್ರಮದಲ್ಲಿ ಯಾರೂ ಕೂಗಿರಲಿಲ್ಲ. ಯಾರೂ ಹಾಕಿಯೂ ಇರಲಿಲ್ಲ! ಯಜಮಾನರು "ಯಾ..." ಎಂದವರು ನುಂಗಿಕೊಂಡು, "ಹ್ಯಾಂಗ?" ಎಂದರು. ಮನೆಯೆಲ್ಲ ನಕ್ಕಿತು, ಅವಳೂ ನಕ್ಕಳು. ನನ್ನ ಕಣ್ಣು ಮಾತ್ರ ತುಂಬಿ ಬಂತು. ಕೂಸಿನ ನಾಲಿಗೆ ಮನೆಗೆ ಬಂದಿತ್ತು.

ಉಪ್ಪಿನ ಡಬ್ಬಿ ತಂದು, ಇಡೀ ಓಣಿಗೆ ಕೇಳುವಂತೆ ಕೂಗಿದೆ. ಅವಳು ಇನ್ನೊಂದು ರೊಟ್ಟಿಗೆ ತಾಟು ಮುಂದೆ ಮಾಡಿದಳು.