ಬಾಗಿಲ ಮೇಲಿನ ಗೆಂಚೊ

ಮನೆ ಮಾರುವವರಿಗೆಂದು ಜಾಲತಾಣದಲ್ಲಿ ಒಂದು ಸಲಹೆ ಇತ್ತು: 'ಮೊದಲ ಫೋಟೋ ಕಟ್ಟಡದ ಬಾಗಿಲಿನದಿರಲಿ. ನೋಡಿದವರಿಗೆ ಅಲ್ಲಿ ಜೀವಕಳೆ ಕಾಣಬೇಕು.'

ರಾಡ್ಕೊ ವಾಸಿಸುವ ಕಟ್ಟಡದ ಬಾಗಿಲಿನಲ್ಲಿ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು. ಗಾಜಿನ ತುಂಬ ತೀರಿಕೊಂಡವರ ನೆನಪಿಗೆ ಮನೆಯವರು ಅಂಟಿಸಿದ ಚೀಟಿಗಳು. ಒಂದೊಂದರಲ್ಲೂ ಫೋಟೋ, ಮೇಲೊಂದು ಶಿಲುಬೆ, ಸುತ್ತ ಕಪ್ಪು ಅಂಚು. ರೂಸೆ ಊರಿನ ಬಾಗಿಲುಗಳೆಲ್ಲ ಹೀಗೆಯೇ. ಆದರೆ ಈ ಕಟ್ಟಡದಲ್ಲಿ ಒಳಗಿದ್ದವರಿಗಿಂತ ಬಾಗಿಲಲ್ಲಿದ್ದವರೇ ಹೆಚ್ಚು.

ಮೂವತ್ತು ವರ್ಷ ಟ್ರಾಲಿಬಸ್ ಓಡಿಸಿ ನಿವೃತ್ತನಾದ ರಾಡ್ಕೊಗೆ ಈಗ ಒಂದೇ ಆಸೆ: ಮೂಗು ತೂರಿಸುವ ಈ ನೆರೆಹೊರೆಯಿಂದ ಪಾರಾಗಿ ಡ್ಯಾನ್ಯೂಬ್ ನದಿಯ ದಡದ ಬೋಯ್ಕೊ ಮಾರಲಿಟ್ಟ ಪುಟ್ಟ ಮನೆ ಕೊಂಡು ಅಲ್ಲಿ ಸೇರುವುದು. ಬೋಯ್ಕೊ ಖಡಾಖಂಡಿತವಾಗಿ ಹೇಳಿದ್ದ: "ಇವತ್ತು ಸಂಜೆಯೊಳಗೆ ನಿಮ್ಮ ಮನೆ ಮಾರಾಟಕ್ಕಿಟ್ಟಿದ್ದು ನನ್ನ ಕಣ್ಣಿಗೆ ಬೀಳ್ಬೇಕು. ಇಲ್ದಿದ್ರೆ ನನ್ನ ಮನೆ ಕೊಳ್ಳೋಕೆ ಹಲ್ಲಿನ ಡಾಕ್ಟರೊಬ್ರು ಕಾಯ್ತಿದ್ದಾರೆ."

ರಾಡ್ಕೊ ಚೀಟಿ ಕೀಳಲೆಂದು ಚಾಕು ಹಿಡಿದು ಕೆಳಗಿಳಿದ. ನಟ್ಟನಡುವೆ ಇದ್ದವನು ಕೆಳಮನೆಯ ನೆಡಾ ಅಜ್ಜಿಯ ಗಂಡ ಗೆಂಚೊ. ಗಾಳಿಗೆ ಹಾರದಿರಲೆಂದು ಅಜ್ಜಿ ಸುತ್ತಲೂ ಕರಿ ಟೇಪು ಅಂಟಿಸಿದ್ದಳು. ಟೇಪು ಜಪ್ಪಯ್ಯ ಅಂದರೂ ಬಿಡಲಿಲ್ಲ. ರಾಡ್ಕೊ ಒಳಗಿನ ಕಾಗದವನ್ನಷ್ಟೇ ಕತ್ತರಿಸಿ ತೆಗೆದ. ಮೇಲ್ತುದಿಯ ಶಿಲುಬೆ ಗಾಜಿಗೇ ಅಂಟಿಕೊಂಡು ಉಳಿಯಿತು.

"ಅಯ್ಯೋ ಪಾಪಿ!" ನೆಡಾ ಅಜ್ಜಿ ಪಾತ್ರೆ ಹಿಡಿದು ಮೆಟ್ಟಿಲ ಬಳಿ ನಿಂತಿದ್ದಳು. ಅಂದು ಗೆಂಚೊ ಸತ್ತು ಹನ್ನೊಂದು ವರ್ಷ. ಮನೆಮನೆಗೆ ಹಂಚಲು ಸಕ್ಕರೆ ಹಾಕಿದ ಗೋಧಿ ಬೇಯಿಸಿದ್ದಳು; ತಿಂದವರು ಸತ್ತವರನ್ನು 'ದೇವರು ಕ್ಷಮಿಸಲಿ' ಅನ್ನುವುದು ವಾಡಿಕೆ. "ಇವತ್ತೇ ಆಗ್ಬೇಕಿತ್ತಾ ನಿಂಗೆ? ಬದುಕಿದ್ದಾಗ ಓಡಿ ಬಂದ್ರೂ ಅವ್ನಿಗೆ ಬಸ್ ನಿಲ್ಲಿಸ್ಲಿಲ್ಲ. ಸತ್ತ ಮೇಲೆ ಬಾಗ್ಲಲ್ಲಿ ನಿಲ್ಲೋಕೂ ಬಿಡಲ್ವಾ?"

"ಬಾಗ್ಲಿನ ಫೋಟೋ ಹೊಡ್ಕೊಂಡು ಚೀಟಿ ಮತ್ತೆ ಅಂಟಿಸ್ತೀನಿ ಅಜ್ಜಿ!"

ಗಲಾಟೆ ಕೇಳಿ ಮೂರನೇ ಮಹಡಿಯ ವಾಸಿಲ್ ಮೇಷ್ಟ್ರು ಚಪ್ಪಲಿ ಸದ್ದು ಮಾಡುತ್ತಾ ಇಳಿದು ಬಂದರು. "ಇನ್ನೊಂದು ಚೀಟಿ ಮುಟ್ಟಿದ್ರೆ ನೋಡು. ಆ ಮೂಲೇಲಿರೋದು ನಮ್ಮಕ್ಕ."

"ನಿಮ್ಮಕ್ಕನ್ನ ನೋಡಿದ್ರೆ ಮನೆ ಕೊಳ್ಳೋರು ಓಡಿಹೋಗ್ತಾರೆ ಮೇಷ್ಟ್ರೇ!"

"ಓಡ್ಲಿ! ನಮಗೇನು?"

ರಾಡ್ಕೊಗೆ ಪಿತ್ತ ನೆತ್ತಿಗೇರಿತು. ಬಾಗಿಲ ಮುಂದೆ ಕಾಲೂರಿ ನಿಂತ. "ಮನೆ ನಂದು, ಫೋನ್ ನಂದು, ಫೋಟೋನೂ ನಂದು. ಹೀಗೇ ಹಾಕ್ತೀನಿ. ಏನ್ ಮಾಡ್ಕೊಳ್ತೀರೋ ಮಾಡ್ಕೊಳ್ಳಿ!" ಕ್ಲಿಕ್ಕಿಸಿದ. ಅವರೆದುರೇ ಜಾಲತಾಣಕ್ಕೆ ಏರಿಸಿ, ಗೆಂಚೊನ ಚೀಟಿಯನ್ನು ಅಜ್ಜಿಯ ಕೈಗಿಟ್ಟು, ಎದೆಯುಬ್ಬಿಸಿ ಮೆಟ್ಟಿಲು ಹತ್ತಿದ.

ಅರ್ಧ ಗಂಟೆಯಲ್ಲಿ ಫೋನ್ ಬಡಿದುಕೊಂಡಿತು. ಯಾರೋ ಹೆಂಗಸು. "ದೇವರು ಅವರನ್ನ ಕ್ಷಮಿಸಲಿ. ನೀವು ಮಗನಾ?"

"ಯಾರ ಮಗ? ನಾನೇ ಮಾಲೀಕ!"

"ಹೌದಪ್ಪ, ಇನ್ನು ನೀವೇ ತಾನೆ. ಮನೇಲೇ ಹೋದ್ರಾ, ಆಸ್ಪತ್ರೇಲಾ?"

ಹುಚ್ಚು ಮುಂಡೇದು ಎಂದು ಇಟ್ಟುಬಿಟ್ಟ. ಎರಡನೆಯವನೂ ಸಂತಾಪ ಹೇಳಿದಾಗ ಮಾತ್ರ ಕನ್ನಡಕ ಏರಿಸಿ ಫೋಟೋ ನೋಡಿದ. ಗೆಂಚೊನ ಖಾಲಿ ಜಾಗದ ಗಾಜಿನಲ್ಲಿ ಪ್ರತಿಬಿಂಬವೊಂದು ಬಿದ್ದಿತ್ತು. ಸುತ್ತ ಕರಿ ಟೇಪು, ಮೇಲೆ ಶಿಲುಬೆ, ನಡುವೆ ಹುಬ್ಬು ಗಂಟಿಕ್ಕಿದ ರಾಡ್ಕೊ. ಎಲ್ಲ ಚೀಟಿಗಳ ಪೈಕಿ ಅದೇ ಬಲು ಸ್ಪಷ್ಟವಾಗಿತ್ತು.

ಅಳಿಸಲು ಬೆರಳು ಚಾಚುವಷ್ಟರಲ್ಲಿ ಬೋಯ್ಕೊನ ಕರೆ. "ರಾಡ್ಕೊ ಅವರ ಮನೆಯವರಾ? ಮೊನ್ನೆ ಕಲ್ಲುಗುಂಡಿನ ಹಾಗಿದ್ರು! ಮಾತು ಕೊಟ್ಟವರೇ ಹೋದ್ಮೇಲೆ ಇನ್ನೇನು ಅಂತ ಡಾಕ್ಟರಿಗೇ ಕೊಟ್ಬಿಟ್ಟೆ. ಈಗಷ್ಟೇ ರುಜು ಆಯ್ತು."

"ಬೋಯ್ಕೊ! ನಾನೇ ರಾಡ್ಕೊ! ಬದುಕಿದೀನಿ!"

"ಛೆ... ಹೂವು ಬೇರೆ ಕಳಿಸಿಬಿಟ್ನಲ್ಲಾ."

ನದಿ ದಡದ ಮನೆ ಕೈಬಿಟ್ಟುಹೋಗಿತ್ತು. ರಾಡ್ಕೊಗೆ ನಿಜಕ್ಕೂ ಅಳು ಬಂತು. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಒಂದು ಕೈಯಲ್ಲಿ ಗೋಧಿಯ ಲೋಟ, ಇನ್ನೊಂದರಲ್ಲಿ ಬೋಯ್ಕೊ ಕಳಿಸಿದ ಹೂವು ಹಿಡಿದು ನೆಡಾ ಅಜ್ಜಿ ನಿಂತಿದ್ದಳು. ಹಿಂದೆ ವಾಸಿಲ್ ಮೇಷ್ಟ್ರು, ಫೋನಿನಲ್ಲಿ ಅದೇ ಫೋಟೋ ನೋಡುತ್ತಾ.

"ತಿನ್ನು. 'ದೇವರು ಕ್ಷಮಿಸಲಿ' ಅನ್ನು," ಎಂದಳು ಅಜ್ಜಿ.

"ಯಾರನ್ನ?"

"ಇವತ್ತು ಇಬ್ರನ್ನೂ."

ರಾಡ್ಕೊ ಲೋಟ ಕಸಿದುಕೊಂಡು ದೊಡ್ಡ ಚಮಚದಲ್ಲಿ ಬಾಯಿಗೆ ತುರುಕಿಕೊಂಡು, ಅವಳ ಮುಖ ನೋಡುತ್ತಲೇ ಅಗಿದ. "ಸಕ್ಕರೆ ಕಮ್ಮಿ ಅಜ್ಜಿ. ನಾನು ನಿಜವಾಗ್ಲೂ ಸತ್ತಾಗ ಸರಿಯಾಗಿ ಹಾಕಿ."

"ಹಾಗಾದ್ರೆ ಇಲ್ಲೇ ಇರ್ತೀಯ ಅನ್ನು," ಎಂದಳು ನೆಡಾ ಅಜ್ಜಿ, ಗೆಂಚೊನ ಚೀಟಿ ಮತ್ತು ಟೇಪನ್ನು ಅವನ ಕೈಗೆ ತುರುಕುತ್ತಾ. "ಮೊದ್ಲು ಅವ್ನ ಜಾಗ ಖಾಲಿ ಮಾಡು."