ಪ್ರೊಫೆಸರರ ಸ್ವೆಟರಿನ ಪಟ್ಟೆಗಳು

ಸಾವಿರದ ಒಂಬೈನೂರ ಅರವತ್ತಾರರ ಚಳಿಗಾಲದ ಆ ಬೆಳಿಗ್ಗೆ ಡನೀಡಿನ್ ಎಂಬ ಕಡಲ ದಂಡೆಯ ಊರಿನ ಪ್ರೊಫೆಸರ್ ಡೂಗಲ್ಡ್ ರಿಚಿಯವರಿಗೆ ಇಬ್ಬರು ಹೆಂಗಸರ ಮೇಲೆ ಸಿಟ್ಟಿತ್ತು. ಒಬ್ಬಳು ಅವರದೇ ಹಳೆಯ ಶಿಷ್ಯೆ ಮಿಸ್ ನೊಯೆಲಿನ್. ಸಮುದ್ರದ ತಳ ಸರಿಯುತ್ತಿದೆ ಎಂದು ಊರೆಲ್ಲ ಸಾರಿಕೊಂಡು ತಿರುಗುತ್ತಿದ್ದಳು. ಇನ್ನೊಬ್ಬಳು ಅವರ ಸ್ವೆಟರನ್ನು ಮಡಿಲಲ್ಲಿಟ್ಟುಕೊಂಡು ಹೆಣೆಯುತ್ತಿದ್ದ ಹೆಂಡತಿ ಎಫಿ.

"ಗುಂಡಿ ಹಾಕೋಕೆ ಆಗ್ತಿಲ್ಲ ಅಂದಿದ್ದು ನೀನೇ ತಾನೆ? ಹೊಟ್ಟೆ ಬೆಳೆದಿದೆ," ಎಂದಳು ಎಫಿ.

"ಹೊಟ್ಟೆ ಇದ್ದಲ್ಲೇ ಇದೆ! ನೀನು ಬಿಸಿನೀರಲ್ಲಿ ಒಗೆದು ಉಣ್ಣೆ ಕುಗ್ಗಿಸ್ತೀಯ, ಅಷ್ಟೇ."

"ಎಂಟು ವರ್ಷದಿಂದ ತಪ್ಪದೆ ಕುಗ್ಗುತ್ತಿದೆ, ಅಲ್ವಾ? ಪಾಪದ ಉಣ್ಣೆ!"

ಪ್ರತಿ ಚಳಿಗಾಲಕ್ಕೂ ಎಫಿ ಗುಂಡಿಸಾಲು ಬಿಚ್ಚಿ, ಎಡಕ್ಕೊಂದು ಬಲಕ್ಕೊಂದು ಹೊಸ ಪಟ್ಟೆ ಸೇರಿಸಿ, ಗುಂಡಿಗಳನ್ನು ಮತ್ತೆ ನಡುವೆ ತಂದು ಕೂರಿಸುತ್ತಿದ್ದಳು. ಕುರಿ ಸಾಕಿದ್ದ ಅವಳ ಅಣ್ಣ ಆ ವರ್ಷ ಕರಿ ಕುರಿಯ ಉಣ್ಣೆ ಕಳಿಸಿದರೆ ಕಪ್ಪು ಪಟ್ಟೆ, ಬಿಳಿ ಕುರಿಯದಾದರೆ ಬಿಳಿ. (ಬಣ್ಣದ ವಿಷಯದಲ್ಲಿ ಕುರಿಯದೇ ಕೊನೆಯ ಮಾತು.)

ಅಂದು ಮಧ್ಯಾಹ್ನ ಪ್ರೊಫೆಸರರ ವಿದಾಯ ಭಾಷಣ. ಸಾಗರತಳ ಅಚಲ, ಅಖಂಡ, ಅನಾದಿ ಎಂದು ಅವರು ಮೂವತ್ತು ವರ್ಷ ಕಲಿಸಿದ್ದರು. ಇವತ್ತು ಆ ಹುಡುಗಿಯ ಬಾಯಿ ಮುಚ್ಚಿಸದೆ ಮನೆಗೆ ಹೋದರೆ ಮೂವತ್ತು ವರ್ಷವೂ ನೀರುಪಾಲು. ಆವೇಶಕ್ಕೆ ಅವರು ಆ ಚಳಿಯಲ್ಲೂ ವೇದಿಕೆಯ ಮೇಲೆ ಬೆವರಿ, ಕೋಟು ಬಿಚ್ಚಿ ಕುರ್ಚಿಗೆ ಎಸೆದರು.

ಮಿಸ್ ನೊಯೆಲಿನ್ ಎದ್ದಳು. "ಸರ್, ನಡುಸಾಗರದ ಬಿರುಕಲ್ಲಿ ಕರಗಿದ ಕಲ್ಲು ಉಕ್ಕುತ್ತೆ. ಭೂಮಿಯ ಕಾಂತಶಕ್ತಿ ಆಗ ಯಾವ ಕಡೆ ಮುಖ ಮಾಡಿರುತ್ತೋ, ಆ ಗುರುತನ್ನ ಹಿಡಿದುಕೊಂಡೇ ಗಟ್ಟಿಯಾಗುತ್ತೆ. ಕಾಂತವೋ ಆಗಾಗ ತಿರುಗುಮುರುಗಾಗುತ್ತೆ. ಹಡಗಿನಿಂದ ಅಳೆದ್ರೆ ಬಿರುಕಿನ ಎರಡೂ ಪಕ್ಕ ಒಂದೇ ಥರದ ಪಟ್ಟೆಗಳು. ತಳ ಎರಡೂ ಕಡೆಗೆ ಸರಿಯದೆ ಇದು ಹೇಗಾಗುತ್ತೆ ಸರ್?"

"ಕಾಕತಾಳೀಯ!" ಪ್ರೊಫೆಸರ್ ಗುಡುಗಿದರು. "ನಡುವಿನಿಂದ ಎರಡೂ ಕಡೆಗೆ ಒಂದೇ ಕ್ರಮದ ಪಟ್ಟೆಗಳಂತೆ! ಅಂಥದ್ದನ್ನ ಈ ಭೂಮಿ ಮೇಲೆ ಯಾರಾದ್ರೂ ಎಲ್ಲಾದ್ರೂ ಕಂಡಿದ್ದೀರಾ? ಕಂಡಿದ್ರೆ ಬೆರಳು ಮಾಡಿ ತೋರಿಸಿ!"

ಸಭೆ ಬೆರಳು ಮಾಡಿತು. ಅಷ್ಟೂ ಬೆರಳು ಒಂದೇ ಕಡೆಗೆ.

ಪ್ರೊಫೆಸರ್ ತಲೆ ಬಗ್ಗಿಸಿ ತಮ್ಮ ಸ್ವೆಟರ್ ನೋಡಿಕೊಂಡರು. ಗುಂಡಿಸಾಲಿನಿಂದ ಎಡಕ್ಕೆ ಬಿಳಿ, ಕಪ್ಪು, ಕಪ್ಪು, ಬಿಳಿ. ಬಲಕ್ಕೂ ಬಿಳಿ, ಕಪ್ಪು, ಕಪ್ಪು, ಬಿಳಿ. ಹೀಗೇ ಎರಡೂ ಕಂಕುಳವರೆಗೆ ಎಂಟೆಂಟು ಪಟ್ಟೆ.

"ಇದು... ಉಣ್ಣೆ ಕುಗ್ಗಿದ್ದು," ಎಂದು ತೊದಲಿದರು.

ಮುಂದಿನ ಸಾಲಿನಲ್ಲಿದ್ದ ಎಫಿಗೆ ತಡೆಯಲಾಗಲಿಲ್ಲ. "ಸುಳ್ಳು ಹೇಳಬೇಡ ಮಹರಾಯ! ಗುಂಡಿ ಪಕ್ಕದ್ದು ಈ ವರ್ಷದ್ದು. ಅದರಾಚೆಯದು ಹೋದ ವರ್ಷದ್ದು. ಕಂಕುಳ ಹತ್ರ ಇರೋದು ಎಂಟು ವರ್ಷ ಹಳೇದು. ಎಲ್ಲಿ ಬಿರಿಯುತ್ತೋ ಅಲ್ಲೇ ತಾನೆ ಹೊಸದು ಸೇರೋದು!"

ಮಿಸ್ ನೊಯೆಲಿನ್ ಪುಸ್ತಕ ತೆಗೆದಳು. "ವರ್ಷಕ್ಕೆ ಎಷ್ಟು ಸರಿಯುತ್ತೆ ಮೇಡಂ?"

"ಆ ಕಡೆ ಒಂದು ಬೆರಳು, ಈ ಕಡೆ ಒಂದು ಬೆರಳು. ಕ್ರಿಸ್‌ಮಸ್ ಊಟ ಜೋರಾಗಿದ್ರೆ ಸ್ವಲ್ಪ ಜಾಸ್ತಿ."

ಸಭೆ ಬಿದ್ದು ಬಿದ್ದು ನಕ್ಕಿತು. ಪ್ರೊಫೆಸರರಿಗೆ ಅಳುವೇ ಬಂತು. ಮನೆಗೆ ಬಂದವರೇ ಆ ದುಃಖದಲ್ಲಿ ಆರು ಚೀಸ್ ರೋಲ್ ತಿಂದರು.

ಮರುವರ್ಷ ಅಣ್ಣನ ಉಣ್ಣೆಯ ಗಂಟು ಬಂತು. "ಈ ಸಲ ಕಪ್ಪು. ಗುಂಡಿ ಹಾಕೋಕೆ ಆಗ್ತಿದೆಯಾ?" ಎಂದು ಎಫಿ ಕೇಳಿದಳು.

ಪ್ರೊಫೆಸರ್ ಕಿಟಕಿಯಾಚೆಗಿನ ಸಮುದ್ರದ ಕಡೆ ತಿರುಗಿ, ಉಸಿರು ಬಿಗಿಹಿಡಿದು ಗುಂಡಿ ಹಾಕಲು ನೋಡಿದರು.

"ಒಂದೂವರೆ ಬೆರಳು ಸೇರಿಸು," ಎಂದರು ಕೊನೆಗೆ. "ಆದ್ರೆ ಎರಡೂ ಕಡೆ ಸಮ ಇರಲಿ. ಆ ಹುಡುಗಿ ತನ್ನ ಕ್ಲಾಸನ್ನೆಲ್ಲ ಕಟ್ಟಿಕೊಂಡು ಅಳೆಯೋಕೆ ಬರ್ತಾಳಂತೆ."