ರಾಕ್ ಹಬ್ಬಕ್ಕೊಂದು ಪ್ರೊಡಕ್ಷನ್ ಪ್ಲಾನ್

ನನಗೆ ಸಂಗೀತ ಗೊತ್ತಿಲ್ಲ ಎಂದು ಯಾರಾದರೂ ಹೇಳಿದರೆ ನನಗೇನೂ ಬೇಸರವಿಲ್ಲ. ಟೈಮ್ ಗೊತ್ತಿಲ್ಲ ಎಂದರೆ ಮಾತ್ರ ತೋಳು ಮಡಚಿ ಜಗಳಕ್ಕೆ ನಿಲ್ಲುತ್ತೇನೆ. ಜಿಗಣಿಯಲ್ಲಿ ತಗಡು ಒತ್ತುವ ಒಂದು ಪ್ರೆಸ್ ಶಾಪಿನಲ್ಲಿ ಇಪ್ಪತ್ತಾರು ವರ್ಷಗಳಿಂದ ನಾನು ಪ್ಲಾನಿಂಗ್ ನೋಡಿಕೊಳ್ಳುತ್ತಿದ್ದೇನೆ. ತಗಡಿಗೆ ಆಕಾರ ಕೊಡುವ ಅಚ್ಚಿಗೆ ನಮ್ಮಲ್ಲಿ ಡೈ ಎನ್ನುತ್ತಾರೆ. ಒಂದು ಡೈ ಇಳಿಸಿ ಇನ್ನೊಂದನ್ನು ಏರಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗುತ್ತದೆ, ಅಷ್ಟು ಹೊತ್ತೂ ಮೆಷಿನ್ನು ಸುಮ್ಮನೆ ನಿಂತಿರುತ್ತದೆ. ನಿಂತ ಮೆಷಿನ್ನು ನೋಡಿಕೊಂಡು ನಾನು ಕೂರಲಾರೆ. ಆದ್ದರಿಂದ ಒಂದೇ ಡೈ ಬೇಡುವ ಕೆಲಸಗಳನ್ನೆಲ್ಲ ಒಟ್ಟಿಗೆ ಪೇರಿಸಿ ಮುಗಿಸುವುದು ನನ್ನ ವಿದ್ಯೆ. ಈ ವಿದ್ಯೆ ಫ್ಯಾಕ್ಟರಿ ಗೇಟಿನ ಹೊರಗೂ ನಡೆಯುತ್ತದೆ ಎಂಬುದು ನನ್ನ ನಂಬಿಕೆ. ಭಾವಮೈದುನನ ಮದುವೆಯಲ್ಲಿ, ಒಂದೇ ಹೋಮಕುಂಡದ ಮುಂದೆ ಆಗುವ ಶಾಸ್ತ್ರಗಳನ್ನೆಲ್ಲ ಸಾಲಾಗಿ ಮುಗಿಸಿದರೆ ಇಪ್ಪತ್ತು ನಿಮಿಷ ಉಳಿಯುತ್ತದೆ ಎಂದು ಪುರೋಹಿತರಿಗೆ ಸಲಹೆ ಕೊಟ್ಟಿದ್ದೆ. ಅಕ್ಷತೆ ಹಂಚುವಾಗ ಅವರು ನನ್ನನ್ನು ಬಿಟ್ಟು ಮುಂದೆ ಹೋದರು. ಪ್ರತಿಭಾವಂತರಿಗೆ ಇಂಥದ್ದೆಲ್ಲ ಮಾಮೂಲು.

ನಮ್ಮ ಲೇಔಟಿನ ಪಕ್ಕದಲ್ಲಿ ಮುನಿರಾಜಣ್ಣನ ಮೈದಾನವಿದೆ. ಹಿಂದೆ ಅಲ್ಲಿ ರಾಗಿ ಬೆಳೆಯುತ್ತಿದ್ದರಂತೆ, ಈಗ ಬೇಸಿಗೆಯಲ್ಲಿ ರಾಕ್ ಹಬ್ಬ ನಡೆಯುತ್ತದೆ. ಹೋದ ವರ್ಷ ಪ್ರತಿ ತಂಡ ಐದು ನಿಮಿಷ ಹಾಡಿ ಅರ್ಧ ಗಂಟೆ ವೈರು ಚುಚ್ಚಿ, ಕೊನೆಗೆ ರಾತ್ರಿ ಹೊತ್ತು ಮೀರಿತೆಂದು ಪೊಲೀಸರು ಬಂದು ಮೈಕು ಆರಿಸಿದ್ದರು. ಈ ವರ್ಷ ಮುನಿರಾಜಣ್ಣ ತಂಡಗಳ ಪಟ್ಟಿ ಹಿಡಿದು ನಮ್ಮ ಮನೆಗೇ ಬಂದ. "ಸಾರ್, ನೀವು ಫ್ಯಾಕ್ಟ್ರೀಲಿ ಪ್ಲಾನಿಂಗ್ ಅಲ್ವಾ? ಇದ್ನ ಒಸಿ ಸರಿ ಮಾಡ್ಕೊಡಿ. ಯಾರು ಯಾವಾಗ ಅತ್ತಬೇಕು, ಯಾವಾಗ ಇಳೀಬೇಕು ಅಂತ. ನೀವು ಎಂಗೆ ಏಳ್ತೀರೋ ಅಂಗೆ" ಎಂದ. ನನ್ನ ಯೋಗ್ಯತೆಯನ್ನು ಗುರುತಿಸಲು ಒಬ್ಬ ಜಮೀನುದಾರನೇ ಬರಬೇಕಾಯಿತು.

ಪಟ್ಟಿ ನೋಡಿದೆ. ಒಂದಕ್ಕೊಂದು ಸಂಬಂಧವೇ ಇಲ್ಲ! ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಹುಡುಗರ 'ನರಕ ಸರ್ಕಲ್' ಎಂಬ ಮೆಟಲ್ ತಂಡ. ಅದರ ಗಾಯಕ ಗಂಟಲು ಹರಿಯುವಂತೆ ಕಿರುಚುವ ಮೊದಲು ಮೊಸರನ್ನ ತಿನ್ನುತ್ತಾನೆ, ಮಾತಾಡಿಸಿದರೆ "ಹೇಳಿ ಅಂಕಲ್" ಎಂದು ಕೈ ಕಟ್ಟಿ ನಿಲ್ಲುತ್ತಾನೆ. ಅದೇ ಜಾತಿಯ ಇನ್ನೆರಡು ತಂಡಗಳು. ವೈಟ್‌ಫೀಲ್ಡಿನಿಂದ 'ಮೌನವ್ರತ': ಇವರ ಹಾಡಿನಲ್ಲಿ ಮಾತೇ ಇಲ್ಲ, ಬರೀ ಗಿಟಾರು, ಒಂದು ಹಾಡಿಗೆ ಇಪ್ಪತ್ತೆರಡು ನಿಮಿಷ. ದೊಡ್ಡನೆಕ್ಕುಂದಿಯಿಂದ ಹಳೆಯ ಇಂಗ್ಲಿಷ್ ಹಾಡು ಹಾಡುವ ನಾಲ್ವರು ನಿವೃತ್ತರು. ಚಂದಾಪುರದ ಬಾಡಿಗೆ ರೂಮುಗಳಲ್ಲಿರುವ, ಗದಗ ಹಾವೇರಿ ಕಡೆಯ ಕಾರ್ಮಿಕರು ಕಟ್ಟಿದ 'ಖಡಕ್ ರೊಟ್ಟಿ': ಒಂದು ಗಿಟಾರು, ಎರಡು ಡೊಳ್ಳು. ಇನ್ನೊಂದು ತಂಡದ ಹೆಸರು 'ಮೂರು ವಿಷಲ್'. ನಮ್ಮ ಲೇಔಟಿನ ನಾಲ್ವರು ಗೃಹಿಣಿಯರದು. ಅದರ ಡ್ರಮ್ಮರ್ ವಿಮಲಾ, ನನ್ನ ಹೆಂಡತಿ.

ವಿಮಲಾ ಡ್ರಮ್ಸ್ ಕಲಿಯಲು ಶುರು ಮಾಡಿದ್ದು ನಲವತ್ತೊಂಬತ್ತನೇ ವಯಸ್ಸಿನಲ್ಲಿ. ಊಟದ ಟೇಬಲ್ಲು ಬಾಲ್ಕನಿಗೆ ಹೋಗಿ ಅದರ ಜಾಗದಲ್ಲಿ ಡ್ರಮ್ಸ್ ಬಂದು ಕೂತಿತು. ಎಂಟು ತಿಂಗಳು ನಾನು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡಿದ್ದೇನೆ. ಪೀಣ್ಯದಲ್ಲಿರುವ ಅವಳ ಅಕ್ಕ ಶಶಿಕಲಾ ಫೋನಿನಲ್ಲಿ, "ಈ ವಯಸ್ಸಲ್ಲಿ ನಿಂಗ್ಯಾಕೆ ಬೇಕಿತ್ತೇ ಇದು? ನೋಡ್ದೋರು ಏನಂತಾರೆ?" ಎಂದು ಕೇಳಿದ್ದಳು. ವಿಮಲಾ ಫೋನಿಟ್ಟು ಡ್ರಮ್ಸ್ ಮುಂದೆ ಕೂತಳು. ಅವತ್ತು ಬಹಳ ಹೊತ್ತು ಬಾರಿಸಿದಳು, ಅಷ್ಟೆ. ಈಗ ಹಬ್ಬಕ್ಕೆ ಅಕ್ಕನನ್ನು ಅವಳೇ ಕರೆದಿದ್ದಳು. "ನೋಡ್ರೀ, ಅಕ್ಕ ಕೆಲಸ ಮುಗಿಸ್ಕೊಂಡು ಪೀಣ್ಯದಿಂದ ಬರಬೇಕು. ನಮ್ದು ಆರು ಗಂಟೆಗೇ ಇರ್ಲಿ. ಬೇರೆ ಏನಾದ್ರೂ ಮಾಡ್ಕೊಳ್ಳಿ" ಎಂದಳು. ಆರು ಗಂಟೆ ಎಂದೇ ಬರೆದೆ. ಪಟ್ಟಿ ಮುದ್ರಣವಾಗಿ ಗೋಡೆ ಗೋಡೆಗೂ ಅಂಟಿತು.

ಉಳಿದದ್ದೆಲ್ಲ ನನ್ನ ವಿದ್ಯೆಯಂತೆ ಜೋಡಿಸಿದೆ. ಮೂರು ಮೆಟಲ್ ತಂಡಗಳಿಗೂ ಒಂದೇ ಬಗೆಯ ಡ್ರಮ್ಸ್ ಬೇಕು, ಆದ್ದರಿಂದ ಮೂರೂ ಸಾಲಾಗಿ ಮಧ್ಯಾಹ್ನ ಎರಡಕ್ಕೆ. ಏಪ್ರಿಲ್ ಬಿಸಿಲಿಗೆ ಕರಿ ಟೀ ಶರ್ಟು ತೊಟ್ಟು ಕುಣಿಯುವುದು ಅವರ ಹಣೆಬರಹ. ಡ್ರಮ್ಸ್ ಬೇಡದವರು ಆಮೇಲೆ. ಅವತ್ತು ನೋಡಬೇಕಿತ್ತು ನೀವು! ಒಬ್ಬರು ಇಳಿಯುತ್ತಿದ್ದಂತೆ ಇನ್ನೊಬ್ಬರು ಹತ್ತಿದರು, ವೈರು ಕದಲಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ನಾವು ಅರ್ಧ ಗಂಟೆ ಮುಂದಿದ್ದೆವು. ದೊಡ್ಡನೆಕ್ಕುಂದಿಯ ಹಿರಿಯರು ಇಳಿಯುವ ಹೊತ್ತಿಗೆ ಐವತ್ತು ನಿಮಿಷ! ಮುನಿರಾಜಣ್ಣ ನನ್ನ ಕೈ ಕುಲುಕಿ, "ಸಾರ್, ನೀವು ಮನುಷ್ಯರೇ ಅಲ್ಲ ಬುಡಿ" ಎಂದ. ನಾನು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡೆ.

ಐದು ಗಂಟೆ ಹತ್ತು ನಿಮಿಷ. ಸ್ಟೇಜು ಖಾಲಿ. ವಿಮಲಾಳ ತಂಡ ಪಕ್ಕದಲ್ಲೇ ಸೀರೆ ಸೆರಗು ಬಿಗಿದು ಕೂತಿದೆ. ನನ್ನ ಕಣ್ಣಿಗೆ ಅದು ನಿಂತ ಮೆಷಿನ್ನಿನಂತೆಯೇ ಕಂಡಿತು.

"ಹತ್ತಿ, ಹತ್ತಿ" ಎಂದೆ.

"ಆರಕ್ಕೆ ಅಂದಿದ್ರಲ್ಲ?"

"ಸ್ಟೇಜ್ ಖಾಲಿ ಇದೆಯಲ್ಲೇ. ಸುಮ್ನೆ ಬಿಡಕ್ಕಾಗತ್ತಾ?"

"ಅಕ್ಕ ಇನ್ನೂ ಬಂದಿಲ್ಲ ಕಣ್ರೀ."

"ಬರ್ತಾರೆ ಬಿಡು, ಅಷ್ಟರಲ್ಲಿ ಬಂದೇ ಬರ್ತಾರೆ" ಎಂದೆ. ನನ್ನ ದನಿಯಲ್ಲಿ ಅಂಥ ಭರವಸೆ ಇದ್ದಿದ್ದರಿಂದಲೋ, ಬೆನ್ನ ಹಿಂದೆ ನಿಂತು ಕೈ ಆಡಿಸುತ್ತಿದ್ದುದರಿಂದಲೋ, ನಾಲ್ವರೂ ಹತ್ತಿದರು. ಕೇಳುಗರೆಂದರೆ ಸೌಂಡಿನವನು, ಎಳನೀರಿನವನು, ಬೆವರು ಒರೆಸಿಕೊಳ್ಳುತ್ತಿದ್ದ ನರಕ ಸರ್ಕಲ್‌ನ ಇಬ್ಬರು ಹುಡುಗರು ಮತ್ತು ನೆರಳು ಹುಡುಕಿಕೊಂಡು ಬಂದ ಒಂದು ನಾಯಿ. ನಾನು ಪ್ಯಾಡು ಹಿಡಿದು ಶುರುವಾದ ವೇಳೆ, ಮುಗಿದ ವೇಳೆ ಬರೆದುಕೊಂಡೆ. ಮೂರು ಹಾಡು, ಹದಿನೆಂಟು ನಿಮಿಷ. ನರಕದ ಹುಡುಗರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ನಾಯಿ ಎದ್ದು ಹೋಯಿತು.

ಬಿಸಿಲು ಇಳಿದ ಮೇಲೆ ಜನ ಬರತೊಡಗಿದರು. ಗೋಡೆಯ ಮೇಲಿನ ಪಟ್ಟಿ ನಂಬಿ ಬಂದವರು. ಆರಕ್ಕೆ ಹತ್ತು ನಿಮಿಷ ಇರುವಾಗ ಶಶಿಕಲಾ ಬಂದಳು, ಒಬ್ಬಳೇ ಅಲ್ಲ. ಅವಳ ಗಾರ್ಮೆಂಟ್ಸಿನ ಹನ್ನೊಂದು ಜನ ಗೆಳತಿಯರು ಮಲ್ಲಿಗೆ ಮುಡಿದು, ಎರಡು ಮೆಟ್ರೋ ಒಂದು ಬಸ್ಸು ಬದಲಾಯಿಸಿ ಬಂದಿದ್ದರು. ಒಬ್ಬಳ ಕೈಯಲ್ಲಿ 'ನಮ್ಮ ವಿಮಲಾ' ಎಂದು ಬರೆದ ರಟ್ಟು.

"ಇನ್ನೂ ಶುರುವಾಗಿಲ್ಲ ತಾನೆ?" ಎಂದು ಶಶಿಕಲಾ ಏದುಸಿರು ಬಿಡುತ್ತ ಕೇಳಿದಳು.

"ಮುಗೀತಲ್ಲ! ಐವತ್ತು ನಿಮಿಷ ಮುಂಚೆನೇ ಮುಗಿಸಿಬಿಟ್ವಿ" ಎಂದೆ. ಫ್ಯಾಕ್ಟರಿಯಲ್ಲಿ ಈ ಮಾತಿಗೆ ಮ್ಯಾನೇಜರು ಬೆನ್ನು ತಟ್ಟುತ್ತಾರೆ. ಇಲ್ಲಿ ಹನ್ನೆರಡು ಹೆಂಗಸರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ರಟ್ಟು ಹಿಡಿದವಳ ಕೈ ಮೆಲ್ಲಗೆ ಇಳಿಯಿತು.

ವಿಮಲಾ ಸ್ಟೇಜಿನ ಹಿಂದೆ ಡ್ರಮ್ಮಿನ ಡಬ್ಬಿಯ ಮೇಲೆ ಕೂತಿದ್ದಳು. ಜಗಳವಾಡಿದ್ದರೆ ನನಗೆ ಉತ್ತರ ಗೊತ್ತಿತ್ತು. ಅವಳು ಜಗಳವಾಡಲಿಲ್ಲ. "ಎಂಟು ತಿಂಗಳು ಕಣ್ರೀ" ಎಂದಳು, ಕಣ್ಣು ಒರೆಸಿಕೊಂಡಳು. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ನನಗೆ ಅಷ್ಟು ನಾಚಿಕೆಯಾದದ್ದು ಅದೇ ಮೊದಲು.

ಖಡಕ್ ರೊಟ್ಟಿಯ ಬಸವರಾಜ ಬಿಡುವಾಗಿ ಗಿಟಾರು ಒರೆಸುತ್ತ ನಿಂತಿದ್ದ. ಇವರನ್ನಾದರೂ ಹತ್ತಿಸೋಣವೆಂದು ಕೇಳಿದರೆ, "ನಮ್ಮ ಡೊಳ್ಳಿನ ಹುಡುಗ್ರು ಡ್ಯೂಟಿ ಮ್ಯಾಗ ಅದಾರ್ರೀ ಸರ. ಬರೂದು ಆರೂವರಿಗೆ. ನೀವ ಹಂಗ ಟೈಮ್ ಕೊಟ್ಟೀರಲ್ರಿ" ಎಂದ. ಅಲ್ಲಿಗೆ ನಾನು ಉಳಿಸಿದ ಐವತ್ತು ನಿಮಿಷ ಗೋದಾಮಿನಲ್ಲಿ ಬಿದ್ದ ಮಾಲಿನಂತೆ ಸುಮ್ಮನೆ ಬಿದ್ದಿತ್ತು, ಕೇಳುವವರಿಲ್ಲ. ಬಸವರಾಜ ವಿಮಲಾಳ ಕಡೆ ನೋಡಿ, ದನಿ ತಗ್ಗಿಸಿ ಹೇಳಿದ: "ಅಕ್ಕಾರು ಇನ್ನೊಮ್ಮೆ ಬಾರಿಸ್ಲಿ ಬಿಡ್ರಿ ಸರ. ಮಂದಿ ಈಗ ಬಂದೈತಿ."

ಒಮ್ಮೆ ಮಾಡಿದ ಕೆಲಸವನ್ನು ಇನ್ನೊಮ್ಮೆ ಮಾಡುವುದು ನಮ್ಮ ಕಸುಬಿನಲ್ಲಿ ಅವಮಾನ. ಆದರೂ ಬಾಯಿ ಮುಚ್ಚಿಕೊಂಡು ದಾರಿ ಬಿಟ್ಟೆ. ಸರಿಯಾಗಿ ಆರು ಗಂಟೆಗೆ ನಾಲ್ವರೂ ಮತ್ತೆ ಸ್ಟೇಜು ಹತ್ತಿದರು. ವಿಮಲಾ ಮೈಕು ಹಿಡಿದು, "ಆಗ ನುಡಿಸಿದ್ದು ನಮ್ಮ ಯಜಮಾನ್ರಿಗೋಸ್ಕರ. ಇದು ನಿಮಗೋಸ್ಕರ" ಎಂದಳು. ಮೈದಾನಕ್ಕೆ ಮೈದಾನವೇ ನಕ್ಕಿತು. ರಟ್ಟು ಮೇಲೆದ್ದಿತು. ಆಮೇಲೆ ಶಶಿಕಲಾ ಕುಣಿದಳಂತೆ, ಕೂಗಿ ಕೂಗಿ ಅವಳ ಗಂಟಲು ಕಟ್ಟಿತಂತೆ. 'ಅಂತೆ' ಎನ್ನುತ್ತಿದ್ದೇನೆ, ಏಕೆಂದರೆ ನಾನು ಗೇಟಿನ ಹತ್ತಿರ ಡೊಳ್ಳಿನವರ ದಾರಿ ಕಾಯುತ್ತ ಪ್ಯಾಡಿನಲ್ಲಿ ವೇಳೆ ಬರೆಯುತ್ತಿದ್ದೆ.

ಮರುದಿನ ಬೆಳಿಗ್ಗೆ ಕಾಫಿ ಕೊಡುತ್ತ ವಿಮಲಾ ಕೇಳಿದಳು: "ನಿಜ ಹೇಳಿ, ಯಾವುದು ಚೆನ್ನಾಗಿತ್ತು? ಮೊದಲ್ನೇದೋ, ಎರಡನೇದೋ?"

ಪ್ಯಾಡು ತೆಗೆದು ನೋಡಿದೆ. "ಎರಡನೇದು. ಎರಡು ನಿಮಿಷ ಕಮ್ಮಿ ತಗೊಂಡ್ರಿ" ಎಂದೆ.

ಅವಳು ಪ್ಯಾಡಿನ ಕಡೆ ಒಮ್ಮೆ ನೋಡಿ ಒಳಗೆ ಹೋದಳು. ಮುಂದಿನ ಭಾನುವಾರ ಮೂರು ವಿಷಲ್ ತಂಡ ಪೂರ್ತಿ ನಮ್ಮ ಹಾಲಿಗೆ ಬಂದಿಳಿಯಿತು. ನನ್ನನ್ನು ಸೋಫಾದ ಮೇಲೆ ಕೂರಿಸಿ, ಪ್ಯಾಡು, ಮೊಬೈಲು, ಕೈಗಡಿಯಾರ ಮೂರನ್ನೂ ಕಿತ್ತುಕೊಂಡು, ಮೂರು ಹಾಡನ್ನೂ ನನ್ನೊಬ್ಬನೆದುರು ನುಡಿಸಿದರು. ಎರಡನೇ ಹಾಡಿನ ನಡುವೆ ಉಳಿದ ಮೂವರೂ ನಿಲ್ಲಿಸುತ್ತಾರೆ, ವಿಮಲಾ ಒಬ್ಬಳೇ ಬಾರಿಸುತ್ತಾಳೆ. ಎಂಟು ತಿಂಗಳು ಪಕ್ಕದಲ್ಲೇ ಕೂತು ಉಂಡವನಿಗೆ ಅದು ಅವತ್ತು ಮೊದಲ ಸಲ ಕೇಳಿಸಿತು. ಏನು ಕೈ ಅಂತೀರಿ! ಎಷ್ಟು ಹೊತ್ತು ನುಡಿಸಿದರು ಎಂದು ಮಾತ್ರ ನನ್ನನ್ನು ಕೇಳಬೇಡಿ. ನಾನು ಗೋಡೆಯ ಕಡೆ ನೋಡಿದ್ದು ನಿಜ, ಆದರೆ ಅಲ್ಲಿದ್ದ ಗಡಿಯಾರವನ್ನೂ ಅವಳು ಮೊದಲೇ ಇಳಿಸಿಟ್ಟಿದ್ದಳು.